ಕಾರಿನ ಹಳದಿ ದೀಪ, ಹಾಲಿನ ದುಡ್ಡು



ಹಸು ಮೇವು ಬಿಟ್ಟರೆ ನೀವು ಮೊದಲು ಏನು ಮಾಡುತ್ತೀರಿ? ಕಿವಿ ಮುಟ್ಟಿ ನೋಡುತ್ತೀರಿ. ಮೂತಿ ಒಣಗಿದೆಯಾ, ಮೆಲುಕು ಹಾಕುತ್ತಿದೆಯಾ, ಸಗಣಿ ಹೇಗಿದೆ ಎಂದು ನೋಡುತ್ತೀರಿ. ಥರ್ಮಾಮೀಟರ್ ಇಡದೆ ಯಾರಾದರೂ ಇಂಜೆಕ್ಷನ್ ತೆಗೆದರೆ "ಜ್ವರ ಎಷ್ಟಿದೆ ಸಾರ್?" ಎಂದು ಕೇಳದೆ ಬಿಡುವವರಲ್ಲ ನೀವು. ಆದರೆ ಗಾಡಿ ವಿಷಯ ಬಂದರೆ ನಾವೆಲ್ಲ ಬಾಯಿ ಮುಚ್ಚಿಕೊಂಡು, ಗ್ಯಾರೇಜಿನವರು ಹೇಳಿದಷ್ಟು ಎಣಿಸಿ ಕೊಟ್ಟು ಬರುತ್ತೇವೆ. ಕಳೆದ ಮಳೆಗಾಲದಲ್ಲಿ ನಾನೂ ಹಾಗೆ ಕೊಡುವುದರಲ್ಲಿದ್ದೆ.

ನಮ್ಮದು ಹರಿಹರದ ಆಚೆ, ಭದ್ರಾ ನಾಲೆ ಬದಿಯ ಊರು. ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಇದೆ. ಪಶು ಆಹಾರದ ಚೀಲ ತರಲು, ಅತ್ತೆಯನ್ನು ದಾವಣಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅದೇ ಬೇಕು. ಗದ್ದೆ ದಾರಿಯ ಕೆಸರು ಮೆತ್ತಿಕೊಂಡಿತ್ತೆಂದು ಒಂದು ಸಂಜೆ ಕೊಟ್ಟಿಗೆ ತೊಳೆಯುವ ಮೋಟಾರಿನ ಪೈಪಿನಿಂದಲೇ ಕಾರನ್ನೂ ತೊಳೆದೆವು. ಮರುದಿನ ಬೆಳಿಗ್ಗೆ ಹೊರಟು ಸ್ವಲ್ಪ ದೂರ ಹೋಗಿರಲಿಲ್ಲ, ಮೀಟರಿನ ಪಕ್ಕ ಹಳದಿ ದೀಪ ಹತ್ತಿತು. ಹರಿಹರದ ಒಂದು ಗ್ಯಾರೇಜಿಗೆ ಬಿಟ್ಟೆವು. ಹುಡುಗ ಚಕ್ರ ಅಲ್ಲಾಡಿಸಿ ನೋಡಿದ, ಒಂದು ರೌಂಡ್ ಓಡಿಸಿ ಬಂದ. "ಸಸ್ಪೆನ್ಷನ್ ಲೈಟ್ ಬಂದೈತಿ ಅಕ್ಕಾ. ಮುಂದಿನ ಎರಡೂ ಶಾಕು, ಲೋವರ್ ಆರ್ಮು, ಲಿಂಕ್ ರಾಡು, ಎಲ್ಲಾ ಚೇಂಜ್ ಮಾಡಬೇಕು. ಹದಿನಾಲ್ಕು ಸಾವಿರ ಆಗ್ತತಿ" ಅಂದ.

14,000 ರೂಪಾಯಿ ಎಂದರೆ ನಮ್ಮ ಲೆಕ್ಕದಲ್ಲಿ ಎಷ್ಟು? ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ 5 ರೂಪಾಯಿ. ಆ ಹಣದಲ್ಲೇ ತೀರಿಸುವುದಾದರೆ 2,800 ಲೀಟರ್ ಹಾಲು ಡೈರಿಗೆ ಹಾಕಬೇಕು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ 280 ದಿನ, ಒಂಬತ್ತು ತಿಂಗಳು ದಾಟುತ್ತದೆ. ಬಟವಾಡೆ ಇನ್ನೂ ಆಗಿರಲಿಲ್ಲ. "ದುಡ್ಡು ಬಂದ ಮೇಲೆ ಮಾಡಿಸ್ತೀನಿ ತಮ್ಮಾ" ಎಂದು ಕಾರು ವಾಪಸ್ ತಂದೆವು. ನಿಜ ಹೇಳಬೇಕೆಂದರೆ ಜಾಣತನದಿಂದ ತಂದಿದ್ದಲ್ಲ, ಕೈಯಲ್ಲಿ ದುಡ್ಡಿಲ್ಲದೆ ತಂದಿದ್ದು.

ಅಷ್ಟರಲ್ಲಿ ಡಿಪ್ಲೊಮಾ ಓದುವ ನಮ್ಮ ಅಕ್ಕನ ಮಗ ಮನೆಗೆ ಬಂದ. ದೀಪ ನೋಡಿ, "ಚಿಕ್ಕಮ್ಮ, ಇದು ಸಸ್ಪೆನ್ಷನ್ ಲೈಟ್ ಅಲ್ಲ. ಈ ಕಾರಿಗೆ ಸಸ್ಪೆನ್ಷನ್ ಲೈಟೇ ಇಲ್ಲ. ಎಬಿಎಸ್ ಅಂತ ಬರೆದಿದೆ ನೋಡಿ" ಅಂದ.

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಸ್ಪೆನ್ಷನ್ ಎಂದರೆ ಗಾಡಿಯ ಭಾರ ಹೊತ್ತು, ಗುಂಡಿಯ ಹೊಡೆತ ತಡೆಯುವ ಭಾಗಗಳು: ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಆರ್ಮ್, ರಬ್ಬರ್ ಬುಶ್. ನಮ್ಮ ಊರುಗಳಲ್ಲಿ ಓಡುವ ಸಾಮಾನ್ಯ ಕಾರು, ಓಮ್ನಿ, ಹಾಲಿನ ಕ್ಯಾನ್ ಸಾಗಿಸುವ ಏಸ್, ಬೊಲೆರೊ ಪಿಕಪ್, ಇವುಗಳಲ್ಲಿ ಇವೆಲ್ಲ ಬರೀ ಕಬ್ಬಿಣ, ರಬ್ಬರು, ಎಣ್ಣೆ. ಅವು ಹಾಳಾದರೆ ಶಬ್ದ ಮಾಡುತ್ತವೆ, ಟೈರ್ ತಿನ್ನುತ್ತವೆ; ದೀಪ ಹಚ್ಚುವುದಿಲ್ಲ. ದೀಪ ಹಚ್ಚುವುದು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ನಿಲ್ಲುವ ದುಬಾರಿ ಕಾರುಗಳಲ್ಲಿ, ಇಲ್ಲವೆ ಶಾಕ್ ಅಬ್ಸಾರ್ಬರನ್ನೇ ಕರೆಂಟಿನಿಂದ ಹಿಡಿತ ಮಾಡುವ ಕಾರುಗಳಲ್ಲಿ. ಹಾಗಾಗಿ ನಿಮ್ಮ ಸಾಧಾರಣ ಗಾಡಿಗೆ "ಸಸ್ಪೆನ್ಷನ್ ಲೈಟ್ ಬಂದಿದೆ" ಎಂದು ಯಾರಾದರೂ ಹೇಳಿದರೆ ಕೆಲಸ ಅಲ್ಲೇ ನಿಲ್ಲಿಸಿ. ಗಾಡಿಯ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇರುತ್ತದೆ. ಯಾವ ಚಿತ್ರಕ್ಕೆ ಯಾವ ಅರ್ಥ ಎಂದು ಅದರಲ್ಲಿದೆ. ಮಕ್ಕಳ ಕೈಲಿ ಓದಿಸಿ.

ಮತ್ತೆ ಆ ಹುಡುಗ ಯಾಕೆ ಹಾಗೆಂದ? ಅವನು ಮೋಸಗಾರ ಎಂದು ನಾನು ಹೇಳುವುದಿಲ್ಲ. ಹಂಪ್ ಹತ್ತಿಸಿದಾಗ ನಮ್ಮ ಕಾರಿನಲ್ಲಿ ಟಕ್ ಟಕ್ ಶಬ್ದ ಬರುತ್ತಿದ್ದದ್ದು ನಿಜ. ಅವನು ಶಬ್ದ ಕೇಳಿದ, ದೀಪ ನೋಡಿದ, ಎರಡನ್ನೂ ಗಂಟು ಹಾಕಿದ. ಸ್ಕ್ಯಾನರ್ ಇಲ್ಲದ ಕಡೆ ಅಂದಾಜೇ ಗತಿ. ಅಂದಾಜಿಗೆ ಬದಲಾಯಿಸಿದ ಪ್ರತಿ ಸಾಮಾನಿನ ಬೆಲೆ ಮಾತ್ರ ನಮ್ಮ ತಲೆ ಮೇಲೆ.

ಸ್ಕ್ಯಾನರ್ ಇದ್ದಲ್ಲೂ ಇಂಥದ್ದೇ ಎಡವಟ್ಟು ಆಗಬಹುದು. ಗಾಡಿಯ ಕಂಪ್ಯೂಟರು ದೋಷವನ್ನು ಒಂದು ಅಕ್ಷರ, ನಾಲ್ಕು ಅಂಕಿಗಳಲ್ಲಿ ಬರೆದಿಡುತ್ತದೆ. 'ಪಿ' ಇಂದ ಶುರುವಾದರೆ ಎಂಜಿನ್, ಗೇರ್ ಕಡೆಯದು. 'ಸಿ' ಇಂದ ಶುರುವಾದರೆ ಷಾಸಿ ಕಡೆಯದು. ಬ್ರೇಕಿನ ಎಬಿಎಸ್, ಸ್ಟಿಯರಿಂಗ್, ಸಸ್ಪೆನ್ಷನ್ ಮೂರೂ ಆ ಒಂದೇ ಅಕ್ಷರದ ಕೆಳಗೆ ಬರುತ್ತವೆ. 'ಸಿ' ಕಂಡ ಕೂಡಲೇ "ಕೆಳಗಿನ ಕೆಲಸ, ಸಸ್ಪೆನ್ಷನ್" ಎಂದುಬಿಡುವುದು ಸುಲಭ. ಅಂಕಿಗಳನ್ನೂ ಓದಬೇಕು.

ನಾವು ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋದೆವು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಯಂತ್ರ ಚುಚ್ಚಿದರು. ಬಂದ ಕೋಡ್ ಸಿ0035. ಮುಂದಿನ ಎಡ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರಿನ ದೋಷ ಅದು. ಅಲ್ಲಿನ ಮೇಸ್ತ್ರಿ ಕೂಡಲೇ ಸೆನ್ಸರ್ ಬದಲಾಯಿಸಲಿಲ್ಲ, ಅದನ್ನು ನಾನು ಮೆಚ್ಚಿಕೊಂಡೆ. "ಕೋಡು ದಾರಿ ತೋರಿಸ್ತತಿ ಅಕ್ಕಾ, ಸಾಮಾನು ತೋರಿಸಲ್ಲ" ಅಂದರು. ಸೆನ್ಸರ್ ಕೆಟ್ಟಿರಬಹುದು, ವೈರ್ ತುಂಡಾಗಿರಬಹುದು, ಜೋಡಿಸುವ ಕಡೆ ನೀರು ಹೋಗಿರಬಹುದು. ಚಕ್ರ ಬಿಚ್ಚಿ ನೋಡಿದರೆ ಕನೆಕ್ಟರಿನೊಳಗೆ ಕೆಸರು ನೀರು! ನಮ್ಮ ಕೊಟ್ಟಿಗೆ ಪೈಪಿನ ಪ್ರತಾಪ. ಒರೆಸಿ, ಒಣಗಿಸಿ, ಸಡಿಲಾಗಿದ್ದ ವೈರನ್ನು ಕಟ್ಟಿ, ಕೋಡ್ ಅಳಿಸಿ, ಓಡಿಸಿ ನೋಡಿದರು. ದೀಪ ಮತ್ತೆ ಬರಲಿಲ್ಲ. ಸ್ಕ್ಯಾನಿಗೆ 500, ಕೂಲಿ 300.

ಒಂದು ಎಚ್ಚರ: ಕೋಡ್ ಅಳಿಸುವುದೇ ರಿಪೇರಿ ಅಲ್ಲ. ಕಾರಣ ಹುಡುಕದೆ ಬರೀ ದೀಪ ಆರಿಸಿ ದುಡ್ಡು ಕೇಳಿದರೆ, ಕೆಚ್ಚಲು ಬಾವಿನ ಹಸುವಿನ ಹಾಲನ್ನು ಸೋಸಿ ಕೊಟ್ಟ ಹಾಗೆ. ಇನ್ನೊಂದು: ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ತೋರಿಸುತ್ತವೆ. ಎಬಿಎಸ್ ದೋಷ ಅವುಗಳಿಗೆ ಕಾಣದೆ ಹೋಗಬಹುದು. "ನನ್ನ ಮೊಬೈಲಲ್ಲಿ ಏನೂ ಬರ್ಲಿಲ್ಲ" ಎಂಬ ಮಾತನ್ನು ಕೊನೆಯ ಮಾತು ಎಂದುಕೊಳ್ಳಬೇಡಿ.

ದೀಪ ಕಂಡಾಗ ನೀವೇ ನೋಡಬಹುದಾದದ್ದು

ಕೀ ತಿರುಗಿಸಿದ ಕೂಡಲೇ ಎಲ್ಲಾ ದೀಪಗಳೂ ಹತ್ತಿ, ಸ್ವಲ್ಪ ಹೊತ್ತಿಗೆ ಆರುತ್ತವೆ. ಅದು ಪರೀಕ್ಷೆ, ದೋಷವಲ್ಲ. ಆರದೆ ಉಳಿದದ್ದನ್ನು, ಓಡುವಾಗ ಹತ್ತಿದ್ದನ್ನು ಗಮನಿಸಿ. ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತೊಳೆದ ಮೇಲೆ ಬಂತಾ, ಮಳೆಯಲ್ಲಿ ಬಂತಾ, ತಿರುವಿನಲ್ಲಿ ಬಂತಾ, ನೆನಪಿಟ್ಟುಕೊಳ್ಳಿ. ಗ್ಯಾರೇಜಿನವರಿಗೆ ಇದನ್ನು ಹೇಳಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಕೆಂಪು ದೀಪಕ್ಕೆ ಸಲಿಗೆ ಬೇಡ. ಎಣ್ಣೆ ಡಬ್ಬಿಯ ಚಿತ್ರ ಅಥವಾ ಎಂಜಿನ್ ಬಿಸಿಯ ಚಿತ್ರ ಕೆಂಪಾಗಿ ಹತ್ತಿದರೆ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಕೆಂಪು ಬ್ರೇಕ್ ದೀಪ ಬಂದರೆ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದೂ ಹತ್ತಿದ್ದರೆ ಬ್ರೇಕ್ ಎಣ್ಣೆ ಕಮ್ಮಿಯಾಗಿರಬಹುದು, ಮುಂದೆ ಓಡಿಸಬೇಡಿ. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಜಾರದಂತೆ ಕಾಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ. ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ್ದರಿಂದ ಈ ದೀಪ ಈಗ ಹಳ್ಳಿ ಮನೆಗಳಲ್ಲೂ ಕಾಣುತ್ತದೆ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ಅಲ್ಲೇ ನಿಲ್ಲಿಸಿ.

ಲಾಳದಂಥ ಚಿತ್ರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಟೈರಿನ ಗಾಳಿ. ಪಂಚರ್ ಅಂಗಡಿಯಲ್ಲಿ ಮುಗಿಯುವ ಕೆಲಸ. ಒಟ್ಟಿಗೇ ನಾಲ್ಕೈದು ದೀಪ ಹತ್ತಿದರೆ ಮೊದಲು ಬ್ಯಾಟರಿ ನೋಡಿಸಿ: ಎಂಜಿನ್ ಆರಿಸಿದಾಗ 12.4ರಿಂದ 12.6 ವೋಲ್ಟ್, ಓಡುವಾಗ 14ರ ಆಸುಪಾಸು ಇರಬೇಕು. ವೋಲ್ಟೇಜ್ ಇಳಿದರೆ ಕಂಪ್ಯೂಟರು ಇದ್ದದ್ದು ಇಲ್ಲದ್ದು ಎಲ್ಲಾ ದೂರು ಹೇಳುತ್ತದೆ.

ಇನ್ನು ನಿಜವಾದ ಸಸ್ಪೆನ್ಷನ್. ಗಾಡಿಯ ಒಂದೊಂದು ಮೂಲೆಯನ್ನೂ ಜೋರಾಗಿ ಕೆಳಗೆ ಒತ್ತಿ ಕೈ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಶಾಕ್ ಸೋತಿದೆ. ಶಾಕಿನ ಮೈಗೆ ಎಣ್ಣೆ ಇಳಿದಿದೆಯಾ ಬಗ್ಗಿ ನೋಡಿ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಬುಶ್. ಪಿಕಪ್ ಗಾಡಿಯವರು ಹಿಂದಿನ ಕಮಾನು ಪಟ್ಟಿಗಳಲ್ಲಿ ಒಂದಾದರೂ ಬಿರುಕು ಬಿಟ್ಟಿದೆಯಾ, ಗಾಡಿ ಒಂದು ಪಕ್ಕಕ್ಕೆ ವಾಲಿದೆಯಾ ನೋಡಿ. ಹಂಪಿನಲ್ಲಿ ಟಕ್ ಎಂದರೆ ಮೊದಲು ಲಿಂಕ್ ರಾಡ್, ಬುಶ್ ನೋಡಿಸಿ. ಅವು ಸಣ್ಣ ಬೆಲೆಯವು. ಸ್ಟಿಯರಿಂಗ್ ವಿಪರೀತ ಅಲ್ಲಾಡುತ್ತಿದ್ದರೆ, ಬಾಲ್ ಜಾಯಿಂಟ್ ಸಡಿಲ ಎಂದರೆ, ಖರ್ಚೆಂದು ಮುಂದೂಡಬೇಡಿ. ಬಿಚ್ಚಿಕೊಂಡರೆ ಚಕ್ರವೇ ಮಡಚುತ್ತದೆ. ಶಾಕ್ ಒಂದು ಕಡೆಯದು ಹೋದರೆ ಎರಡೂ ಕಡೆ ಬದಲಾಯಿಸಬೇಕು ಎನ್ನುವುದು, ಆರ್ಮ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಬೇಕು ಎನ್ನುವುದು ನ್ಯಾಯವಾದ ಮಾತು. ಅದಕ್ಕೆ ಜಗಳ ಬೇಡ.

ನಮ್ಮಲ್ಲಿ ಕೆಲವರ ಮನೆಯ ಹುಡುಗರು ಬೆಂಗಳೂರಿನಿಂದ ಹಳೆಯ ದೊಡ್ಡ ಕಾರು ಅಗ್ಗಕ್ಕೆ ಸಿಕ್ಕಿತೆಂದು ತರುತ್ತಿದ್ದಾರೆ. ಅವುಗಳಲ್ಲಿ ಗಾಳಿ ಸಸ್ಪೆನ್ಷನ್ ಇರಬಹುದು, ದೀಪವೂ ನಿಜವೇ ಇರಬಹುದು. ಅಲ್ಲಿ ದುಬಾರಿ ತಪ್ಪು ಯಾವುದೆಂದರೆ ಕಂಪ್ರೆಸರ್ ಬದಲಾಯಿಸಿಬಿಡುವುದು. ಹಾಲು ಕರೆಯುವ ಯಂತ್ರ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಲೈನರ್ ಸೀಳಿದ್ದರೆ, ಪೈಪ್ ಬಿರುಕು ಬಿಟ್ಟಿದ್ದರೆ ಗೇಜಿನ ಮುಳ್ಳು ಏರುವುದಿಲ್ಲ. ಪಂಪ್ ಹೊಸದು ಹಾಕಿದರೂ ಅಷ್ಟೇ. ಇಲ್ಲೂ ಗಾಳಿ ಸೋರುತ್ತಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ. ಸೋರಿಕೆ ಮುಚ್ಚದೆ ಹೊಸದು ಹಾಕಿದರೆ ಅದೂ ಸುಡುತ್ತದೆ. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಎತ್ತರ ಅಳೆದಿಡಿ. ಬೆಳಿಗ್ಗೆ ಯಾವ ಮೂಲೆ ಕುಸಿದಿದೆಯೋ ಅಲ್ಲಿಯ ಚೀಲಕ್ಕೆ, ಪೈಪಿಗೆ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕುಸಿಯದೆ ದೀಪ ಮಾತ್ರ ಇದ್ದರೆ ಫ್ಯೂಸ್, ರಿಲೇ, ಎತ್ತರ ಅಳೆಯುವ ಸೆನ್ಸರಿನ ಕಡ್ಡಿ ನೋಡಿಸಿ. ಇಂಥ ಗಾಡಿಯ ಕೆಳಗೆ ಬರೀ ಜಾಕ್ ನಂಬಿ ಯಾರೂ ನುಸುಳಬಾರದು, ಗಾಳಿ ಇಳಿದರೆ ಇಡೀ ಕಾರು ಕೂರುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದ್ದನ್ನು ಈಗ ನಾನು ಸಂಕೋಚವಿಲ್ಲದೆ ಕೇಳುತ್ತೇನೆ. ಯಾವ ಕೋಡ್ ಬಂತು, ಚೀಟಿಯಲ್ಲಿ ಬರೆದುಕೊಡಿ. ಕೆಟ್ಟದ್ದು ಈ ಸಾಮಾನೇ ಎಂದು ಹೇಗೆ ಗೊತ್ತಾಯಿತು, ತೋರಿಸಿ. ಮೊದಲೇ ಅಂದಾಜು ಪಟ್ಟಿ ಕೊಡಿ, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಿ ಮಾಡಿ. ಬಿಚ್ಚಿದ ಹಳೆ ಸಾಮಾನು ನಮ್ಮ ಡಿಕ್ಕಿಯಲ್ಲಿ ಇಡಿ. ಜಿಎಸ್‌ಟಿ ಬಿಲ್ ಕೊಡಿ. ಬಿಲ್ ಇಲ್ಲದಿದ್ದರೆ ಮುಂದೆ ತಕರಾರು ಬಂದಾಗ ಕೈಯಲ್ಲಿ ಆಧಾರ ಇರುವುದಿಲ್ಲ. ಮೋಸ ಆಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕ ಆಯೋಗವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ಪಡೆದ ರಿಪೇರಿಯೂ ಸೇವೆಯೇ.

ನಮ್ಮ ಕಾರಿನ ಟಕ್ ಟಕ್ ಶಬ್ದ ಏನಾಯಿತು ಎಂದು ಕೇಳುತ್ತೀರೇನೋ. ಅದು ಲಿಂಕ್ ರಾಡೇ ಆಗಿತ್ತು. ಮುಂದಿನ ಬಟವಾಡೆ ಆದ ಮೇಲೆ ಹರಿಹರದ ಅದೇ ಹುಡುಗನ ಹತ್ತಿರ ಹೋಗಿ, ಎರಡು ಲಿಂಕ್ ರಾಡ್ ಮಾತ್ರ ಹಾಕಿಸಿಕೊಂಡು ಬಂದೆ. ಶಾಕ್ ಒತ್ತಿ ತೋರಿಸಿ, "ಇದು ಚೆನ್ನಾಗೈತಲ್ಲ ತಮ್ಮಾ?" ಎಂದೆ. ಅವನೂ ಒಮ್ಮೆ ಒತ್ತಿ ನೋಡಿ, "ಹೌದಕ್ಕಾ, ಇನ್ನೂ ಓಡ್ತತಿ" ಅಂದ. ಕಾರನ್ನು ಈಗ ಬಕೆಟ್ಟಿನ ನೀರಿನಲ್ಲಿ ತೊಳೆಯುತ್ತೇವೆ.