ದಫ್ತರದಿಂದ ದತ್ತಾಂಶ ಕೇಂದ್ರಕ್ಕೆ: ಹಾವೇರಿ ಸೀಮೆಯ ಭೂದಾಖಲೆಗಳ ಸ್ಥಳಾಂತರ

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಭಾಗಗಳು ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಊರಿನ ಜಮೀನಿನ ಲೆಕ್ಕವು ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ತರುವಾಯ ತಲಾಠಿಯ ವಶಕ್ಕೆ ಬಂದಿತು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರು ಬಳಿಕ ಇದೇ ವ್ಯವಸ್ಥೆಯನ್ನು ಸೇರಿತು. ಈ ಸೀಮೆಯ ರೈತರು ಪಹಣಿಯನ್ನು ಇಂದಿಗೂ ‘ಉತಾರ’ ಎನ್ನುತ್ತಾರೆ. ಮೂಲ ಪುಸ್ತಕದಿಂದ ಇಳಿಸಿಕೊಂಡ ಪ್ರತಿ ಎಂಬುದು ಅದರ ಅರ್ಥ.

2000ದ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಮೊದಲು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿದ್ದ ಮಾಹಿತಿ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿತು.

ಕಂಪನಿಗಳು ಕ್ಲೌಡ್ ಕಂಪ್ಯೂಟಿಂಗ್‌ಗೆ ಹೋಗುವಾಗಲೂ ಕ್ರಮ ಬಹುಮಟ್ಟಿಗೆ ಇದೇ. ಸ್ವಂತ ಯಂತ್ರಗಳ ಬದಲು ದೂರದ ಯಂತ್ರಗಳ ಶಕ್ತಿಯನ್ನು ಜಾಲದ ಮೂಲಕ ಬೇಕಾದಷ್ಟು ಬಾಡಿಗೆಗೆ ಪಡೆಯುವುದೇ ಕ್ಲೌಡ್. ಇದ್ದುದನ್ನು ಎಣಿಸಿ ಪಟ್ಟಿ ಮಾಡುವುದು, ದೋಷ ತಿದ್ದುವುದು, ಇದ್ದಂತೆಯೇ ಸಾಗಿಸಬೇಕೆ ಹೊಸದಾಗಿ ಕಟ್ಟಬೇಕೆ ಎಂದು ನಿರ್ಧರಿಸುವುದು, ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಯಾಗಿ ನಡೆಸಿ ತಾಳೆ ನೋಡುವುದು, ಕೊನೆಗೆ ಹಳೆಯದನ್ನು ನಿಲ್ಲಿಸುವುದು ಇದರ ಹಂತಗಳು. ಕೇಂದ್ರ ಸರ್ಕಾರವು ತನ್ನ ಕ್ಲೌಡ್ ವ್ಯವಸ್ಥೆಗೆ ‘ಮೇಘರಾಜ’ ಎಂದು ಹೆಸರಿಟ್ಟಿದೆ. ಅದರ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಸರ್ಕಾರದ್ದೇ ಆದ ದತ್ತಾಂಶ ಕೇಂದ್ರವು ಬಾಡಿಗೆಯ ಕ್ಲೌಡ್ ಅಲ್ಲವಾದರೂ, ಚದುರಿದುದನ್ನು ಒಂದೆಡೆ ತರುವುದು ಎರಡಕ್ಕೂ ಸಮಾನವಾದ ಮೊದಲ ಹೆಜ್ಜೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮೂನೆಯಲ್ಲಿ ಕಲಂ ಇರುವುದು ಮಾತ್ರ ಸ್ಥಳಾಂತರಗೊಳ್ಳುತ್ತದೆ. ಸರ್ವೆ ನಂಬರು ಸಾಗಿತು. ‘ಬನ್ನಿಗಿಡದ ಹೊಲ’, ‘ಕೆರಿ ಹಿಂದಿನ ಹೊಲ’ ಎಂಬಂಥ ಹೆಸರುಗಳು ಊರವರ ನಾಲಗೆಯಲ್ಲಿಯೇ ಉಳಿದವು. ತಿದ್ದದೆ ಬಿಟ್ಟ ತಪ್ಪು ಮಾತ್ರ ಹಾಗೆಯೇ ಸಾಗಿತು. ತೀರಿಹೋದ ಅಜ್ಜನ ಹೆಸರು ಪಹಣಿಯಲ್ಲಿ ಉಳಿದರೆ ಮೊಮ್ಮಗನಿಗೆ ಬೆಳೆಸಾಲವೂ ಪರಿಹಾರವೂ ಕಷ್ಟ. ಗುಟ್ಟಾಗಿ ತಿದ್ದುವ ಅವಕಾಶ ಕುಗ್ಗಿದ್ದು ದೊಡ್ಡ ಲಾಭ. ನ್ಯಾಯವಾದ ತಿದ್ದುಪಡಿಗೂ ಕಚೇರಿ ಅಲೆಯಬೇಕಾದುದು ಅದರ ಬೆಲೆ.

2024ರಲ್ಲಿ ಆರಂಭವಾದ ‘ಭೂಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇದರಿಂದ ಅಂಚಿನ ಟಿಪ್ಪಣಿಗಳೂ ಉಳಿದಾವು. ಆದರೆ ಹೊಲದ ಹೆಸರು, ಮೇರೆಯ ಗುರುತು, ಬಾಯಿಮಾತಿನ ಪಾಲು ಎಲ್ಲವೂ ಕಡತಗಳಲ್ಲಿ ಸಿಗುವುದಿಲ್ಲ. ಅವುಗಳನ್ನು ಹಿರಿಯರಿಂದ ಕೇಳಿ ಸರ್ವೆ ನಂಬರಿನೊಡನೆ ಜೋಡಿಸಬೇಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿರುವುದರಿಂದ ಈ ನಾಲ್ಕು ತಾಲ್ಲೂಕುಗಳು ಅಂತಹ ಕ್ಷೇತ್ರಕಾರ್ಯಕ್ಕೆ ತಕ್ಕ ನೆಲವಾಗಿವೆ.