ಒಡೆದ ನಾದವನ್ನು ಆರಿಸುವ ಬಗೆ

ಸುಲ್ತಾನ್ ಬತ್ತೇರಿಯಿಂದ ಮೈಸೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಮುತ್ತಂಗವನ್ನು ದಾಟಿದೊಡನೆ ದಟ್ಟ ಕಾಡನ್ನು ಹೊಗುತ್ತದೆ. ಮೂಲೆಹೊಳೆಯಲ್ಲಿ ಕೇರಳ ಮುಗಿದು ಕರ್ನಾಟಕ ತೊಡಗುತ್ತದೆ. ಬಂಡೀಪುರದ ನಡುವಣ ಆ ಹಾದಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಬೆರಳೆಣಿಕೆಯ ಸರಕಾರಿ ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಮುತ್ತಂಗದವರು ಮೈಸೂರಿನಲ್ಲಿ ಏನನ್ನೇ ಕೊಳ್ಳಹೋದರೂ ಗಡಿಯಾರವನ್ನು ನೋಡುತ್ತಲೇ ಕೊಳ್ಳಬೇಕು.

ಇಂತಹ ಊರಿನ ಮನೆಯೊಂದರಲ್ಲಿ ಪ್ಲಸ್ ವನ್ ಓದುವ ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾನೆಂದು ಎಣಿಸಿಕೊಳ್ಳಬಹುದು. ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನ, ಕನ್ನಡ ಕವಿತಾ ವಾಚನಗಳೊಂದಿಗೆ ಪಾಶ್ಚಾತ್ಯ ಗಿಟಾರಿಗೂ ಸ್ಥಾನವಿರುವುದರಿಂದ ಇದು ಅಪರೂಪದ ಸಂಗತಿಯೇನಲ್ಲ. ಗಿಟಾರ್ ಬಂತು, ಸಣ್ಣದೊಂದು ಆಂಪ್ಲಿಫೈಯರ್ ಬಂತು. ಈಗ ಆತ ‘ಫಜ್ ಪೆಡಲ್’ ಬೇಕೆನ್ನುತ್ತಾನೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪುಟ್ಟ ಲೋಹದ ಪೆಟ್ಟಿಗೆ ಅದು. ಗೆಳೆಯನಿಂದ ಎರವಲು ತಂದ ಪೆಡಲನ್ನು ಆತ ಒತ್ತಿ ನುಡಿಸಿದಾಗ, ಜಗಲಿಯಲ್ಲಿ ಕುಳಿತ ಅಜ್ಜಿ, “ಪೆಟ್ಟಿಗೆ ಹಾಳಾಯಿತೇನು ಮಗಾ?” ಎಂದು ಕೇಳದಿರಲಾರರು.

ಅಜ್ಜಿಯ ಸಂಶಯ ಅಜ್ಞಾನದ್ದಲ್ಲ. ಈ ನಾದ ಹುಟ್ಟಿದ್ದೇ ಹಾಳಾದ ಪೆಟ್ಟಿಗೆಯಿಂದ.

ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ‘ಡೋಂಟ್ ವರಿ’ ಹಾಡಿನ ಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರಿನ ದನಿ ಧ್ವನಿಮುದ್ರಣ ಯಂತ್ರದ ಕೆಟ್ಟುಹೋದ ಭಾಗವೊಂದನ್ನು ಹಾದು, ಹರಿದ ಬಟ್ಟೆಯಂತೆ ಗರಗರನೆ ಕೇಳಿಬಂತು. ಹಾಗೆಯೇ ಉಳಿಸಿಕೊಂಡು 1961ರಲ್ಲಿ ಬಿಡುಗಡೆ ಮಾಡಿದ ಆ ಹಾಡು ಜನಪ್ರಿಯವಾಯಿತು. ಆ ದನಿ ತಮಗೂ ಬೇಕೆಂದು ಇತರರು ಕೇಳತೊಡಗಿದರು. ಅಷ್ಟರಲ್ಲಿ ಯಂತ್ರದ ಆ ಭಾಗ ಪೂರ್ತಿ ಸತ್ತುಹೋಗಿತ್ತು. ಧ್ವನಿ ತಂತ್ರಜ್ಞ ಗ್ಲೆನ್ ಸ್ನಾಡಿ ಸಹೋದ್ಯೋಗಿಯೊಬ್ಬನೊಡನೆ ಸೇರಿ ಅದೇ ‘ದೋಷ’ವನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಉಂಟುಮಾಡುವ ಸಲಕರಣೆಯನ್ನು ರೂಪಿಸಿದ. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ‘ಮಾಯೆಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಮೊದಮೊದಲು ಕೇಳುವವರಿರಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್ಫ್ಯಾಕ್ಷನ್’ ಹಾಡು ಬಂದ ಮೇಲೆ ಅಂಗಡಿಗಳಲ್ಲಿ ಉಳಿಯಲಿಲ್ಲ. ಆ ಹಾಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಫಜ್ ಬಳಸಿದ್ದು ಮುಂದೆ ತುತ್ತೂರಿಗಳು ನುಡಿಸಬೇಕಾದ ಸಾಲಿಗೆ ಬರಿಯ ಗುರುತಾಗಿ. ಗುರುತೇ ಹಾಡಾಗಿ ಉಳಿಯಿತು.

ನಾದವನ್ನು ಸ್ವಲ್ಪ ಕೆಡಿಸಿ ಚೆಂದಗಾಣಿಸುವುದು ನಮ್ಮವರಿಗೆ ಹೊಸತಲ್ಲ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಎಳೆಯೊಂದನ್ನು ತೂರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ತಂತಿ ಜೇಂಕರಿಸುವವರೆಗೆ ಕಿವಿಗೊಟ್ಟು ಕೂರುವ ವಿದ್ವಾಂಸರನ್ನು ಕಂಡವರು ಅನೇಕರಿದ್ದಾರೆ. ಜೀವಾಳಿ ಎಂದೂ ಜವಾರಿ ಎಂದೂ ಅದನ್ನು ಕರೆಯುತ್ತಾರೆ. ಎಳೆ ತೆಗೆದರೆ ತಂಬೂರಿ ಶುದ್ಧವಾಗಿ ನುಡಿಯುತ್ತದೆ. ಆದರೆ ಬಡವಾಗಿ ನುಡಿಯುತ್ತದೆ. ಮಗ ಬಯಸುವ ಪೆಟ್ಟಿಗೆಯ ಕೆಲಸವನ್ನು ಹೆತ್ತವರಿಗೆ ತಿಳಿಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು, ಎರಡರ ವಿಜ್ಞಾನ ಒಂದೇ ಅಲ್ಲದಿದ್ದರೂ. ಪರದೇಶದ ವಾದ್ಯವೆಂಬ ಆಕ್ಷೇಪಕ್ಕೆ ಉತ್ತರವನ್ನು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಎಂದೋ ಕೊಟ್ಟಿದೆ.

ಫಜ್ ಮಾಡುವುದಿಷ್ಟು. ತಂತಿಯ ಕಂಪನದಿಂದ ಹುಟ್ಟುವ ವಿದ್ಯುತ್ ಅಲೆ ಗುಡ್ಡಗಳ ಸಾಲಿನಂತೆ ಮೃದುವಾಗಿ ಏರಿ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳು ಅದನ್ನು ತಾಳಲಾರದಷ್ಟು ಹಿಗ್ಗಿಸುತ್ತವೆ. ಗುಡ್ಡದ ನೆತ್ತಿಯೂ ಕಣಿವೆಯ ತಳವೂ ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆ ಕತ್ತರಿಕೆಯಿಂದ ಮೂಲಸ್ವರದ ಮೇಲೆ ಅನೇಕ ಉಪಸ್ವರಗಳು ಎದ್ದು ನಿಲ್ಲುತ್ತವೆ. ಅಲೆ ಕ್ಷೀಣಿಸುತ್ತ ಬಂದರೂ ನೆತ್ತಿ ಕತ್ತರಿಸುವ ಮಟ್ಟಕ್ಕಿಂತ ಮೇಲಿರುವಷ್ಟು ಹೊತ್ತು ದನಿ ತಗ್ಗುವುದಿಲ್ಲ. ಗಿಟಾರಿನ ಸ್ವರ ಮೀಟಿದ ಕ್ಷಣದಿಂದ ಸಾಯತೊಡಗುತ್ತದೆ. ಫಜ್ ಅದಕ್ಕೆ ನಾಗಸ್ವರದ ಉಸಿರನ್ನು ಕೊಡುತ್ತದೆ. ತಂತಿಯನ್ನು ಎಳೆದು ಗಮಕ ತರಲು ಹೆಣಗುವ ಕಲಿಕೆಗಾರನಿಗೆ ಇದು ದೊಡ್ಡ ಲಾಭ. ಬೆಲೆಯೂ ಇದೆ: ಹಲವು ತಂತಿಗಳನ್ನು ಒಟ್ಟಿಗೆ ಮೀಟಿದರೆ ಪ್ರತಿಯೊಂದು ಜೋಡಿಯ ಕೂಡು ಕಳೆಗಳಿಂದ ಬೇಡದ ಸ್ವರಗಳು ಹುಟ್ಟಿ ಗದ್ದಲವಾಗುತ್ತದೆ. ಷಡ್ಜ ಪಂಚಮಗಳ ಜೋಡಿ ತಡೆದುಕೊಳ್ಳುತ್ತದೆ. ತುಂಬು ಸ್ವರಮೇಳ ಕಲಸಿ ಹೋಗುತ್ತದೆ. ಚರ್ಚಿನ ಗೀತೆಗಳಿಗೆ, ಭಾವಗೀತೆಗಳಿಗೆ ಹಿನ್ನೆಲೆ ನುಡಿಸುವುದೇ ಮುಖ್ಯವಾದ ಹುಡುಗನಿಗೆ ಫಜ್ ಬೇಕಾಗಿಯೇ ಇಲ್ಲ. ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಬೇಕೆಂದಾದರೆ ಯಾವುದು? ಹುಡುಗರು ಫೋನಿನಲ್ಲಿ ಕೇಳಿ ಹೆಸರು ಹಿಡಿದು ಬರುತ್ತಾರೆ. ಆದರೆ ಪೆಡಲುಗಳಲ್ಲಿ ಫಜ್‌ನಷ್ಟು ಎದುರಿನ ವಾದ್ಯವನ್ನು ನೆಚ್ಚಿಕೊಂಡದ್ದು ಇನ್ನೊಂದಿಲ್ಲ. 1966ರಲ್ಲಿ ಲಂಡನ್ನಿನಲ್ಲಿ ತಯಾರಾದ, ಜಿಮಿ ಹೆಂಡ್ರಿಕ್ಸ್ ಬಳಸಿ ಹೆಸರಾದ ‘ಫಜ್ ಫೇಸ್’ ಎಂಬ ದುಂಡು ಪೆಟ್ಟಿಗೆಯನ್ನೇ ನೋಡಬಹುದು. ಅದರ ಮೂಲ ವಿನ್ಯಾಸದಲ್ಲಿದ್ದದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸುವ ಎರಡು ನಾಬ್. ಒಟ್ಟು 11 ಬಿಡಿಭಾಗಗಳು. ಗಿಟಾರಿನ ಮೇಲಿನ ವಾಲ್ಯೂಮ್ ನಾಬನ್ನು ಸ್ವಲ್ಪ ತಗ್ಗಿಸಿದರೆ ಸಾಕು, ಗರ್ಜನೆ ಕರಗಿ ಗಾಜಿನಂತಹ ತಿಳಿ ದನಿ ಹೊಮ್ಮುತ್ತದೆ. ಈ ಗುಣ ಕೈಗೂಡಬೇಕಾದರೆ ಗಿಟಾರಿನ ತಂತು ನೇರವಾಗಿ ಫಜ್‌ಗೇ ಬರಬೇಕು. ನಡುವೆ ಬೇರೆ ಪೆಡಲನ್ನೋ ತಂತಿರಹಿತ ಸಲಕರಣೆಯನ್ನೋ ಇರಿಸಿದರೆ ದನಿ ತೆಳ್ಳಗಾಗಿ ಕಿರುಚುತ್ತದೆ. ತಪ್ಪು ಪೆಡಲಿನದಲ್ಲ, ಸಾಲಿನದು.

ಟ್ರಾನ್ಸಿಸ್ಟರಿನ ಜಾತಿಯಲ್ಲೂ ಭೇದವುಂಟು. ಆರಂಭದ ಫಜ್‌ಗಳಲ್ಲಿದ್ದದ್ದು ಜರ್ಮೇನಿಯಮ್. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು ಕಾಲಕ್ಕೆ ರೇಡಿಯೋಗಳಿಗಾಗಿ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ಅಜ್ಜನ ಹಳೆಯ ರೇಡಿಯೋ ಅಟ್ಟದ ಮೇಲಿದ್ದರೆ ಅದರೊಳಗೂ ಇದ್ದೀತು. ಅದರ ನಾದ ದುಂಡಗೆ, ಮೃದು. ಆದರೆ ಬಿಸಿಯೇರಿದಂತೆ ಒಳಗಿನ ಸೋರು ವಿದ್ಯುತ್ ಹೆಚ್ಚಿ ಸ್ವಭಾವವೇ ಬದಲಾಗುತ್ತದೆ. ಮುತ್ತಂಗದ ಡಿಸೆಂಬರ್ ಮುಂಜಾವಿನ ಚಳಿಯಲ್ಲಿ ಚೆನ್ನಾಗಿ ನುಡಿದ ಪೆಡಲು ಮಾರ್ಚ್ ತಿಂಗಳ ನಡುಹಗಲು, ಶಾಲಾ ವಾರ್ಷಿಕೋತ್ಸವದ ತಗಡಿನ ಚಪ್ಪರದಡಿ ಮಂಕಾಗಿ, ಸ್ವರದ ಬಾಲ ತುಂಡಾಗಿ ಕೇಳಿಸಬಹುದು. ಹಿಂದೆ ಬಿಡಿಭಾಗಗಳೂ ಒಂದರಂತೆ ಇನ್ನೊಂದಿರದೆ, ಒಂದೇ ಕಂಪನಿಯ ಎರಡು ಪೆಟ್ಟಿಗೆಗಳು ಎರಡು ಬಗೆಯಾಗಿ ನುಡಿಯುತ್ತಿದ್ದವು. ಸಿಲಿಕಾನ್ ಹಾಗಲ್ಲ: ಬಿಸಿಲಿಗೂ ಚಳಿಗೂ ಬಹುಮಟ್ಟಿಗೆ ಒಂದೇ ಸಮ, ಬೆಲೆಯೂ ಹಗುರ, ದನಿ ಹೆಚ್ಚು ಚೂಪು. ಅರವತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಹುಟ್ಟಿದ ‘ಬಿಗ್ ಮಫ್’ ಸಿಲಿಕಾನ್ ವಂಶದ್ದು. ನಾಲ್ಕು ಟ್ರಾನ್ಸಿಸ್ಟರುಗಳ ಆ ಪೆಡಲಿನಲ್ಲಿ ಸ್ವರ ಬಹುಕಾಲ ನಿಲ್ಲುತ್ತದೆ, ನಾದವನ್ನು ತಿದ್ದಲು ಪ್ರತ್ಯೇಕ ನಾಬ್ ಇದೆ, ಹಿಂದುಮುಂದಿನ ಪೆಡಲುಗಳ ತಂಟೆಯೂ ಕಡಿಮೆ. ಗಿಟಾರಿನ ನಾಬಿಗೆ ಫಜ್ ಫೇಸಿನಷ್ಟು ಮಣಿಯುವುದಿಲ್ಲವೆಂಬುದೊಂದೇ ಕೊರತೆ. ಮೊದಲ ಬಾರಿ ಕೊಳ್ಳುವ ವಿದ್ಯಾರ್ಥಿಗೆ ಸಿಲಿಕಾನ್ ಸಾಕು. ಜರ್ಮೇನಿಯಮ್ ಮೋಹ ಸಂಪಾದನೆ ಆರಂಭವಾದ ಮೇಲಿನದು.

ಅಂಗಡಿಯಲ್ಲಿ ಪರೀಕ್ಷಿಸುವಾಗ ಹುಡುಗ ತನ್ನ ಗಿಟಾರನ್ನೇ ಒಯ್ಯಬೇಕು. ಅಲ್ಲಿನ ದುಬಾರಿ ಗಿಟಾರ್, ದೊಡ್ಡ ಆಂಪ್ಲಿಫೈಯರಿನ ಎದುರು ಯಾವ ಪೆಡಲೂ ಚೆನ್ನಾಗಿಯೇ ಕೇಳುತ್ತದೆ. ಸಾಧ್ಯವಾದರೆ ತನ್ನ ಮನೆಯದಕ್ಕೆ ಸಮಾನವಾದ ಸಣ್ಣ ಆಂಪ್ಲಿಫೈಯರನ್ನು ಕೇಳಿ ಪಡೆಯಲಿ. ಮೊದಲು ಒಂದೇ ತಂತಿಯ ಮೇಲೆ ಒಂದು ಸ್ವರವನ್ನು ಹಿಡಿದು ಅದು ಹೇಗೆ ಸಾಯುತ್ತದೆಂದು ಕೇಳಲಿ: ಮೆಲ್ಲನೆ ಇಳಿಯುತ್ತದೆಯೋ, ಕತ್ತರಿಸಿದಂತೆ ನಿಲ್ಲುತ್ತದೆಯೋ. ಬಳಿಕ ಗಿಟಾರಿನ ವಾಲ್ಯೂಮ್ ಅರ್ಧಕ್ಕಿಳಿಸಿ ಮತ್ತೊಮ್ಮೆ. ನುಡಿಸದೆ ಸುಮ್ಮನಿದ್ದಾಗ ಪೆಟ್ಟಿಗೆ ಎಷ್ಟು ಗುಂಯ್‌ಗುಡುತ್ತದೆಂಬುದನ್ನೂ ಗಮನಿಸಬೇಕು. ಹೆಸರಾಂತರ ಸಾಲುಗಳನ್ನು ಅಂಗಡಿಯಲ್ಲಿ ನುಡಿಸಿ ಮೆರೆಯುವುದು ಬೇಡ. ತಾನು ದಿನವೂ ನುಡಿಸುವುದನ್ನೇ ನುಡಿಸಲಿ. ತಂದೆಯವರು ಪಕ್ಕದಲ್ಲಿ ನಿಂತು ಕೇಳಿದರೆ ಕೇಡಿಲ್ಲ. ಸಂಗೀತ ತಿಳಿಯದ ಕಿವಿಗೂ ಸ್ವರ ತುಂಡಾಗುವುದು ಕೇಳಿಸುತ್ತದೆ.

ವಿದ್ಯುತ್ತಿನ ವಿಚಾರದಲ್ಲಿ ಎಚ್ಚರ ಬೇಕು. ಬಹಳಷ್ಟು ಪೆಡಲುಗಳಿಗೆ ಬೇಕಾದುದು 9 ವೋಲ್ಟ್, ನಡುಮೊನೆ ಋಣಧ್ರುವವಾಗಿರುವ ಅಡಾಪ್ಟರ್. ಹಳೆಯ ಶೈಲಿಯ ಕೆಲವು ಜರ್ಮೇನಿಯಮ್ ಫಜ್‌ಗಳದು ತದ್ವಿರುದ್ಧ ಸಂಪರ್ಕ. ಅವನ್ನು ಇತರ ಪೆಡಲುಗಳೊಂದಿಗೆ ಒಂದೇ ಅಡಾಪ್ಟರಿನ ಕವಲುಗಳಿಗೆ ಜೋಡಿಸಿದರೆ ಶಾರ್ಟ್ ಆಗುತ್ತದೆ. ಬ್ಯಾಟರಿಯಿಂದ ನಡೆಸುವವರು ನುಡಿಸಿ ಮುಗಿದ ಕೂಡಲೇ ಗಿಟಾರಿನ ತಂತನ್ನು ಪೆಡಲಿನಿಂದ ಕೀಳಬೇಕು. ಕಾಲಿನ ಗುಂಡಿ ಆರಿದ್ದರೂ ತಂತು ಸಿಕ್ಕಿಸಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಶಾಲಾ ವೇದಿಕೆಯಲ್ಲಿ ಗಿಟಾರ್ ಆಂಪ್ಲಿಫೈಯರ್ ಇರುವುದು ಕಡಿಮೆ. ಭಾಷಣದ ಧ್ವನಿವರ್ಧಕಕ್ಕೇ ನೇರವಾಗಿ ಸಿಕ್ಕಿಸಿದರೆ ಫಜ್ ಹೆಜ್ಜೇನು ಎದ್ದಂತೆ ಕೇಳುತ್ತದೆ. (ಮುತ್ತಂಗದ ಕಾಡಿನಲ್ಲಿ ಜೇನು ಕೀಳುವ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಕಾಟುನಾಯಕರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.) ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಅತಿ ಎತ್ತರದ ಉಪಸ್ವರಗಳನ್ನು ತಾನಾಗಿ ತಡೆಯುತ್ತದೆ, ಭಾಷಣದ ಸ್ಪೀಕರ್ ತಡೆಯುವುದಿಲ್ಲ. ಸಣ್ಣ ಆಂಪ್ಲಿಫೈಯರನ್ನು ವೇದಿಕೆಗೆ ಒಯ್ದು ಅದರ ಮುಂದೆ ಮೈಕ್ ಇಡುವುದೇ ಪರಿಹಾರ. ಸ್ಪರ್ಧೆಗೆ ಹೋಗುವವರು ಪೆಡಲಿಗೆ ಅವಕಾಶವಿದೆಯೇ ಎಂದು ಕಲೋತ್ಸವದ ಕೈಪಿಡಿಯನ್ನು ಮೊದಲೇ ಓದಿಕೊಳ್ಳಲಿ.

ಮೈಸೂರಿನ ಪ್ರಯಾಣ ತಪ್ಪಿಸಲು ಆನ್‌ಲೈನ್ ಮೂಲಕ ತರಿಸುವವರೂ ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನಂತೆ, ಮಾರಾಟಗಾರ ಎಲ್ಲಿಯವನೇ ಆಗಿರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುತ್ತಂಗದವರಿಗೆ ಕಲ್ಪೆಟ್ಟದ ಜಿಲ್ಲಾ ಆಯೋಗ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷಯುಕ್ತ ಅಥವಾ ಜಾಹೀರಾತಿಗೆ ಹೊಂದದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಇಷ್ಟೆಲ್ಲ ಸರಿ. ಆದರೆ ಪೆಟ್ಟಿಗೆ ಸರಿಯಾಗಿಯೇ ಇದ್ದು ಅದರ ನಾದ ಹುಡುಗನಿಗೆ ಹಿಡಿಸದಿದ್ದರೆ ಅದು ಕಾನೂನಿನ ಕಣ್ಣಿಗೆ ದೋಷವಲ್ಲ. ಬೇಕೆಂದೇ ದೋಷಯುಕ್ತ ದನಿ ಹೊರಡಿಸುವ ವಸ್ತುವಿನಲ್ಲಿ ದೋಷವನ್ನು ಸಾಬೀತುಪಡಿಸಹೊರಟ ವಕೀಲನ ಪಾಡು ಇನ್ನೂ ಸ್ವಾರಸ್ಯಕರವಾದೀತು. ನಾದ ಹಿಡಿಸದಿದ್ದರೂ ಮರಳಿಸಲು ಒಪ್ಪುವ ಅಂಗಡಿಯೇ ಎಂಬುದನ್ನು ಹಣ ಕಟ್ಟುವ ಮೊದಲು ಓದಬೇಕು. ಬಿಲ್ಲನ್ನೂ ವಾರಂಟಿ ಚೀಟಿಯನ್ನೂ ತೆಗೆದಿರಿಸಬೇಕು.

ನೆರೆಹೊರೆಯ ಮಾತೂ ಉಳಿದಿದೆ. ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ಬಳಿಕ 45 ಡೆಸಿಬೆಲ್ ಮಿತಿ ಇಟ್ಟಿವೆ. ಮುತ್ತಂಗದಲ್ಲಿ ನೆರೆಹೊರೆಯೆಂದರೆ ಮನುಷ್ಯರು ಮಾತ್ರವಲ್ಲ. 1973ರಲ್ಲಿ ಘೋಷಿತವಾದ 344 ಚದರ ಕಿಲೋಮೀಟರ್ ವಿಸ್ತಾರದ ವಯನಾಡು ವನ್ಯಜೀವಿ ಧಾಮ ಅಂಗಳಕ್ಕೆ ತಾಗಿಕೊಂಡೇ ಇದೆ. ಧಾಮದೊಳಗೆ ಕಾಡುಪ್ರಾಣಿಯನ್ನು ಕೆಣಕುವುದು ವನ್ಯಜೀವಿ ಕಾಯ್ದೆಯಂತೆ ನಿಷಿದ್ಧ. ಆನೆ ಓಡಿಸಲು ಫಜ್ ಒಳ್ಳೆಯದೆಂದು ಯಾರಾದರೂ ಹುಡುಗನನ್ನು ಹುರಿದುಂಬಿಸಿದರೆ ಕಿವಿಗೊಡಬಾರದು.

ಬೆಳಗಿನ ಬಸ್ಸಿಗೆ ಹೊರಟರೆ ಸುಮಾರು 100 ಕಿಲೋಮೀಟರ್ ದೂರದ ಮೈಸೂರನ್ನು ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ತಲಪಬಹುದು. ಮೂರು ಪೆಡಲುಗಳನ್ನು ನಿಧಾನವಾಗಿ ಕೇಳಲು ಎರಡು ಗಂಟೆ ಬೇಕು. ಮೂರಕ್ಕಿಂತ ಹೆಚ್ಚು ಕೇಳಿದರೆ ಕಿವಿ ದಣಿದು ಎಲ್ಲವೂ ಒಂದೇ ಎನಿಸುತ್ತದೆ. ಊಟ ಮುಗಿಸಿ ಬಂದು, ಬೆಳಗ್ಗೆ ಮೆಚ್ಚಿದ್ದನ್ನು ಇನ್ನೊಮ್ಮೆ ಕೇಳಿ, ಆಗಲೂ ಮನಸ್ಸು ಒಪ್ಪಿದರೆ ಹಣ ಕೊಡುವುದು ಮೇಲು. ನಾಲ್ಕು ಗಂಟೆಗೆ ಅಲ್ಲಿಂದ ಹೊರಟರೆ ಕತ್ತಲಾಗುವ ಮುನ್ನ ಗುಂಡ್ಲುಪೇಟೆ ದಾಟಿ, ಗೇಟು ಬೀಳುವುದಕ್ಕೆ ಸಾಕಷ್ಟು ಮೊದಲೇ ಮುತ್ತಂಗ ಸೇರಬಹುದು.