ನಿಮಗಿದು ಗೊತ್ತೇ? ಹತ್ತಿದ್ದು ನೆತ್ತಿಗಲ್ಲ!

● ಉಣ್ಣುವಾಗ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಳ್ತಿದ್ದಾರೆ' ಎಂದು ತಲೆ ತಟ್ಟುತ್ತೇವೆ. ನಿಜಕ್ಕೂ ಹತ್ತುವುದು ನೆತ್ತಿಗಲ್ಲ. ಅನ್ನದ ಅಗುಳೋ ನೀರಿನ ಹನಿಯೋ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತದೆ. ಎಪ್ಪತ್ತು ದಾಟಿದ ಅಜ್ಜನನ್ನು ಪ್ರತಿ ಊಟದಲ್ಲೂ ಯಾರೋ ನೆನೆಸಿಕೊಳ್ಳುತ್ತಿದ್ದರೆ, ಮನೆಯವರು ಡಾಕ್ಟರನ್ನು ನೆನೆಸಿಕೊಳ್ಳುವುದು ಒಳ್ಳೆಯದು. ವಯಸ್ಸಾದವರಿಗೆ ನ್ಯುಮೋನಿಯಾ ಮತ್ತೆ ಮತ್ತೆ ಮರುಕಳಿಸಲು ಈ ತಪ್ಪುದಾರಿಯೇ ಒಂದು ಮುಖ್ಯ ಕಾರಣ. ಲಕ್ವ, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇದ್ದವರಲ್ಲಂತೂ ಹೆಚ್ಚು.

● ಕೆಮ್ಮು ಬಂದರೆ ಪುಣ್ಯ! ಎಷ್ಟೋ ಹಿರಿಯರಿಗೆ ಅದೂ ಬರುವುದಿಲ್ಲ. ನಿದ್ದೆಯಲ್ಲಿ ಎಂಜಲು ಸದ್ದಿಲ್ಲದೆ ಒಳಗೆ ಜಾರುತ್ತದೆ. ಜಪಾನಿನ ವೈದ್ಯರು ರಾತ್ರಿ ಹಲ್ಲಿಗೆ ತುಸು ವಿಕಿರಣ ಸೂಸುವ ವಸ್ತು ಅಂಟಿಸಿ, ಬೆಳಿಗ್ಗೆ ಎದೆಯ ಸ್ಕ್ಯಾನ್ ಮಾಡಿ ನೋಡಿದರು. 1994ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ನ್ಯುಮೋನಿಯಾ ಆಗಿದ್ದ ವೃದ್ಧರಲ್ಲಿ ಶೇ 71 ಮಂದಿಯ ಶ್ವಾಸಕೋಶದಲ್ಲಿ ಆ ವಸ್ತು ಸಿಕ್ಕಿತು, ಆಗದಿದ್ದವರಲ್ಲಿ ಶೇ 10. ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯಷ್ಟೇ ಮಂದಿ, ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ.

● ಹಾಗಾದರೆ ಆ ಎಂಜಲು ಎಷ್ಟು ಕೊಳಕು ಎನ್ನುವುದೇ ಮುಖ್ಯವಾಯಿತಲ್ಲ? ಹೌದು. ಜಪಾನಿನದೇ 11 ವೃದ್ಧಾಶ್ರಮಗಳಲ್ಲಿ ಕೆಲವರಿಗೆ ಪ್ರತಿ ಊಟದ ನಂತರ ಹಲ್ಲುಜ್ಜಿಸಿದರು, ಉಳಿದವರನ್ನು ಅವರ ಪಾಡಿಗೆ ಬಿಟ್ಟರು. ಎರಡು ವರ್ಷದಲ್ಲಿ ಉಜ್ಜಿಸಿಕೊಂಡವರಲ್ಲಿ ಶೇ 11, ಬಿಟ್ಟವರಲ್ಲಿ ಶೇ 19 ಮಂದಿಗೆ ನ್ಯುಮೋನಿಯಾ. 1999ರ ಈ ವರದಿಯ 'ಔಷಧಿ' ಒಂದು ಬ್ರಷ್ಷು, ಅಷ್ಟೇ.

● ಹಲ್ಲು ಸೆಟ್ಟು ಬಾಯಲ್ಲಿಟ್ಟುಕೊಂಡೇ ಮಲಗುವ 85 ದಾಟಿದವರಿಗೆ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಎಂದು 2015ರ ಇನ್ನೊಂದು ಅಧ್ಯಯನ ಹೇಳಿತು. ನಮ್ಮಜ್ಜಿ ರಾತ್ರಿ ಸೆಟ್ಟು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿಡುತ್ತಿದ್ದರು. ಅದನ್ನು ನೋಡಿ ಹೆದರುತ್ತಿದ್ದ ನಾವು ಮೊಮ್ಮಕ್ಕಳಿಗೆ ಅದರ ಬುದ್ಧಿವಂತಿಕೆ ಆಗ ತಿಳಿದಿರಲಿಲ್ಲ.

● ನುಂಗಲು ತೊಂದರೆ ಇರುವವರಿಗೆ ಗಟ್ಟಿ ಪದಾರ್ಥಕ್ಕಿಂತ ನೀರೇ ಕಷ್ಟ: ಗಂಟಲು ಮುಚ್ಚಿಕೊಳ್ಳುವ ಮೊದಲೇ ಹರಿದುಬಿಡುತ್ತದೆ. ತೆಳು ಸಾರಿನಲ್ಲಿ ಅಗುಳು ತೇಲುವ ಅನ್ನವೂ ತಂಟೆಯೇ; ಅದಕ್ಕಿಂತ ಒಂದೇ ಹದದ ಗಟ್ಟಿ ಗಂಜಿ ವಾಸಿ. ಇನ್ನು ಮಲಗಿದವರ ಬಾಯಿಗೆ ಚಮಚದಲ್ಲಿ ಹಾಲು ಬಿಡುವುದು! ಪ್ರೀತಿ ದೊಡ್ಡದು, ಅಪಾಯ ಅದಕ್ಕಿಂತ ದೊಡ್ಡದು. ನೆಟ್ಟಗೆ ಕೂರಿಸಿಯೇ ಕೊಡಿ, ಆಮೇಲೂ ಅರ್ಧ ಗಂಟೆ ಕೂರಿಸಿ.

● ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲ, ನೇರ. ಹೀಗಾಗಿ ದಾರಿ ತಪ್ಪಿದ್ದು ಹೆಚ್ಚಾಗಿ ಬಲಗಡೆಗೇ ಬೀಳುತ್ತದೆ. ಅಡಿಕೆ ಹೋಳೊಂದು ಅಲ್ಲಿ ಸಿಕ್ಕಿಕೊಂಡು ಕಾಯಿಲೆ ಬಂದ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ. ಎಲೆಅಡಿಕೆ ಪ್ರಿಯರೇ, ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಬೇಡಿ.

● ನ್ಯುಮೋನಿಯಾ ಮರುಕಳಿಸಿದ ಪ್ರತಿ ಸಲವೂ ಎಕ್ಸ್‌ರೇಯಲ್ಲಿ ಅದೇ ಜಾಗ ಬೆಳ್ಳಗಾದರೆ ವೈದ್ಯರು ಅಲ್ಲೇನೋ ಅಡ್ಡ ಇದೆಯೇ ಎಂದು ಹುಡುಕುತ್ತಾರೆ: ಗಡ್ಡೆ, ಸಿಕ್ಕಿಕೊಂಡ ವಸ್ತು, ಹಳೆಯ ಕ್ಷಯ ಬಿಟ್ಟುಹೋದ ಗಾಯ. ಜಾಗ ಬದಲಾಗುತ್ತಿದ್ದರೆ ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿಯ ಕೊರತೆ, ನುಂಗುವ ತೊಂದರೆಗಳ ಕಡೆ ನೋಟ ಹೊರಳುತ್ತದೆ. ಹಳೆಯ ಎಕ್ಸ್‌ರೇ ಹಾಳೆಗಳನ್ನು ರದ್ದಿಗೆ ಹಾಕಬೇಡಿ ಎನ್ನುವುದು ಇದಕ್ಕೇ.

● ಬೆಳಿಗ್ಗೆ ಖಾಲಿ ಹೊಟ್ಟೆಗೆ ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆಗೂ ನ್ಯುಮೋನಿಯಾಕ್ಕೂ ನಂಟಿದೆಯೆಂದು 2004ರಿಂದ ಚರ್ಚೆ ನಡೆದಿದೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಕ್ರಿಮಿಗಳು ಬದುಕುಳಿಯುತ್ತವೆ ಎಂಬುದು ವಾದ. ಮಾತ್ರೆಯೇ ಕಾರಣವೆಂದು ಇನ್ನೂ ಖಚಿತವಾಗಿಲ್ಲ. ನಿದ್ದೆ ಮಾತ್ರೆಯದು ಸರಳ ಲೆಕ್ಕ: ಮನುಷ್ಯನ ಜತೆ ಕೆಮ್ಮೂ ಮಲಗುತ್ತದೆ.

● ಕೆಲವು ಬಿಪಿ ಮಾತ್ರೆಗಳು ಒಣಕೆಮ್ಮು ತರಿಸುತ್ತವೆ ಎಂಬ ದೂರು ಹಳೆಯದು. ತಮಾಷೆಯೆಂದರೆ ಲಕ್ವ ಹೊಡೆದ ಜಪಾನಿನ ವೃದ್ಧರಲ್ಲಿ ಅವೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ನ್ಯುಮೋನಿಯಾ ಕಡಿಮೆ ಕಂಡಿತು. ಕಾಡುವ ಕೆಮ್ಮು ಕಾಯುತ್ತಲೂ ಇತ್ತು!

● ಹೊಗೆ ಕುಡಿದು ಸೋತ ಎದೆಗೆ ನ್ಯುಮೋನಿಯಾ ಸುಲಭದ ತುತ್ತು; ಒಲೆ ಊದಿದ ಅಮ್ಮಂದಿರ ಎದೆಯೂ ಲೆಕ್ಕ ಇಟ್ಟಿರುತ್ತದೆ. ದಿನಕ್ಕೆ ಎಷ್ಟು ಗಂಟೆ, ಒಟ್ಟು ಎಷ್ಟು ವರ್ಷ ಎಂದು ಗುಣಿಸಿ ಹೊಗೆಯ ಪ್ರಮಾಣ ಅಳೆಯುತ್ತಾರೆ. ಮೈಸೂರು ಸೀಮೆಯ ಅಧ್ಯಯನವೊಂದರಲ್ಲಿ ಈ ಗುಣಲಬ್ಧ 60 ಮುಟ್ಟಿದ ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಂಡಿತು. ಅಂದರೆ ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಬೀಡಿ ಮುಟ್ಟದ ಅಜ್ಜಿಗೆ ಈ ಕಾಯಿಲೆ ಹೇಗೆ ಬಂತೆಂದು ಇನ್ನು ಕೇಳಬೇಕಿಲ್ಲ.

● ಕೆನಡಾದ ವೈದ್ಯ ವಿಲಿಯಂ ಆಸ್ಲರ್ 1892ರ ತಮ್ಮ ಗ್ರಂಥದಲ್ಲಿ ನ್ಯುಮೋನಿಯಾವನ್ನು ಮುಪ್ಪಿನ ಶತ್ರು ಎಂದು ಕರೆದು, 1898ರ ಆವೃತ್ತಿಯಲ್ಲಿ ವೃದ್ಧರ ಗೆಳೆಯ ಎಂದು ಬದಲಿಸಿದರು. ಆ ಗೆಳೆಯ 1919ರ ಡಿಸೆಂಬರಿನಲ್ಲಿ ಅವರನ್ನೇ ಕರೆದೊಯ್ದ. ಆಗ ಅವರಿಗೆ 70.

● ನ್ಯುಮೋನಿಯಾ ತರುವ ನ್ಯುಮೊಕಾಕಸ್ ಕ್ರಿಮಿಯ ವಿರುದ್ಧದ ಲಸಿಕೆ ಸರ್ಕಾರದ ಉಚಿತ ಕಾರ್ಯಕ್ರಮದಲ್ಲಿ 2021ರಿಂದ ದೇಶದ ಎಲ್ಲೆಡೆ ಹಸುಗೂಸುಗಳಿಗೆ ಸಿಗುತ್ತಿದೆ. ಅಜ್ಜ-ಅಜ್ಜಿಯರದ್ದು ಸ್ವಂತ ಖರ್ಚು.

● ವಯಸ್ಸಾದವರಿಗೆ ಜ್ವರವೇ ಇಲ್ಲದೆ ನ್ಯುಮೋನಿಯಾ ಬರಬಹುದು. ನಿನ್ನೆಯವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ಊಟ ಬೇಡವೆಂದರೆ, ಬಚ್ಚಲಲ್ಲಿ ಬಿದ್ದರೆ, ಮಗನನ್ನೇ 'ಯಾರಪ್ಪ ನೀನು' ಎಂದರೆ, ಗಡಿಯಾರ ಹಿಡಿದು ಒಂದು ನಿಮಿಷ ಅವರ ಉಸಿರು ಎಣಿಸಿ. 30 ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ.